ಸುಧಾಮಣಿ ಒತ್ತದ ಬಟನ್

ಸುಧಾಮಣಿ ಮೇಡಂ ಅಂದರೆ ಚಾಮರಾಜನಗರ ಜಿಲ್ಲೆಯ ಸರ್ಕಾರಿ ಕಂಪ್ಯೂಟರುಗಳಿಗೆಲ್ಲ ಯಜಮಾನಿ. ಉಮ್ಮತ್ತೂರಿನವರು. ಇಪ್ಪತ್ಮೂರು ವರ್ಷದ ಹಿಂದೆ ಆಕೆ ನಮ್ಮ ಕಚೇರಿಗೆ ಆಪರೇಟರ್ ಆಗಿ ಸೇರಿದಾಗ, ಇದ್ದ ಒಂದೇ ಕಂಪ್ಯೂಟರಿಗೆ ನಾವು ಟವೆಲ್ ಹೊದಿಸಿ, ಶುಕ್ರವಾರ ಕುಂಕುಮ ಇಟ್ಟು, ಮಿಕ್ಕ ದಿನ ದೂರದಿಂದಲೇ ನೋಡುತ್ತಿದ್ದೆವು. ಆಕೆ ಆ ಟವೆಲನ್ನು ಎಳೆದು ನನ್ನ ಕೈಗೆ ಕೊಟ್ಟು, "ಮುಖ ಒರೆಸ್ಕಳಿ, ಕೆಲಸ ಶುರು ಮಾಡನ" ಅಂದರು. ಪಹಣಿಗೆ ಮೂರು ದಿನ ಅಲೆಯುತ್ತಿದ್ದವರು ಮೂರು ನಿಮಿಷದಲ್ಲಿ ವಾಪಸ್ ಬಸ್ ಹತ್ತುವಂತಾದದ್ದು ಆಕೆಯಿಂದ. ಎದುರಿನ ಟೀ ಅಂಗಡಿಯವನು ಇವತ್ತಿಗೂ ಆಕೆಯನ್ನು ಕ್ಷಮಿಸಿಲ್ಲ.

ನಾನು ರಾಜಶೇಖರ್, ಗುಂಡ್ಲುಪೇಟೆಯಲ್ಲಿ ಗುಮಾಸ್ತ. ಯಾವ ಕಚೇರಿ ಅಂತ ಕೇಳಬೇಡಿ, ಇನ್ನೂ ನಾಲ್ಕು ವರ್ಷ ಸರ್ವೀಸ್ ಇದೆ.

ಕಳೆದ ವರ್ಷ ಆಕೆ ಪಡಿತರಕ್ಕೆ ಹೊಸ ವ್ಯವಸ್ಥೆ ಕಟ್ಟಿದರು. ಒಬ್ಬರೇ ಎರಡು ಕಾರ್ಡ್ ಇಟ್ಟುಕೊಂಡಿದ್ದರೆ ಅದು ಹಿಡಿದುಕೊಡುತ್ತದೆ. ಹೆಸರು, ತಂದೆ, ಊರು, ಹುಟ್ಟಿದ ದಿನ, ನಾಲ್ಕೂ ಒಂದೇ ಆದರೆ ಆಸಾಮಿ ಒಬ್ಬನೇ ಅನ್ನುವ ನಿಯಮ ಬರೆದವರೂ ಆಕೆಯೇ. ಒಂದು ಶುಕ್ರವಾರ ಸಂಜೆ ನಾಲ್ಕು ಗಂಟೆಗೆ, ಬೆಂಗಳೂರಿನ ಹಿರಿಯ ಅಧಿಕಾರಿ ವಿಡಿಯೋದಲ್ಲಿ ನೋಡುತ್ತಿರುವಾಗ, ಆಕೆ ಬಟನ್ ಒತ್ತಬೇಕು. ಒತ್ತಿದರೆ ಜೋಡಿಗೊಂದರಂತೆ ಆರುನೂರ ಹನ್ನೆರಡು ಕಾರ್ಡು ರದ್ದು, ಇಡೀ ರಾಜ್ಯದ ಯೋಜನೆಗೆ ಆಕೆ ಮುಖ್ಯಸ್ಥೆ. ರದ್ದಾದ ಕಾರ್ಡು ಮತ್ತೆ ಜೀವ ಪಡೆಯಲು ಕನಿಷ್ಠ ಮೂರು ತಿಂಗಳು.

ಅವತ್ತು ಬೆಳಿಗ್ಗೆ ರದ್ದಾಗುವವರ ಪಟ್ಟಿ ನನ್ನ ಮೇಜಿಗೆ ಬಂತು. ಎರಡನೇ ಪುಟದಲ್ಲಿ ಬೇಗೂರಿನ ಮಲ್ಲಮ್ಮ, ತಂದೆ ಮಾದಯ್ಯ. ನನಗೆ ಆ ಮನೆ ಗೊತ್ತು. ಅದು ಒಬ್ಬಳಲ್ಲ, ಅಕ್ಕತಂಗಿ ಇಬ್ಬರು. ಮನೆದೇವರ ಹೆಸರನ್ನು ಹುಟ್ಟಿದ ಮಕ್ಕಳಿಗೆಲ್ಲ ಇಡುವುದು ನಮ್ಮ ಕಡೆಯ ರೂಢಿ. ಮನೆಯಲ್ಲಿ ದೊಡ್ಡಮಲ್ಲಮ್ಮ, ಚಿಕ್ಕಮಲ್ಲಮ್ಮ. ಕಾಗದದಲ್ಲಿ ಇಬ್ಬರೂ ಬರೀ ಮಲ್ಲಮ್ಮ. ಹುಟ್ಟಿದ ದಿನ ಹೇಗೆ ಒಂದಾಯಿತು ಅಂತೀರಾ? ಅದು ನನ್ನ ಕೊಡುಗೆ. "ಯಾವಾಗ ಹುಟ್ಟಿದ್ದು?" ಅಂದರೆ "ರಾಗಿ ಕುಯ್ಲಲ್ಲಿ ಕಣಪ್ಪ" ಅಂದ ಮುದುಕರಿಗೆಲ್ಲ ನಾನು ಧಾರಾಳವಾಗಿ 1950ರ ಜೂನ್ ಒಂದು ಹಾಕಿದ್ದೆ.

ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದೆ. ಮೇಡಂ ಮೊದಲು ಕೇಳಿದ್ದು ಇದು: "ಎಷ್ಟು ಜನಕ್ಕೆ ಹಾಕಿದ್ರಿ?"

"ನೆನಪಿಲ್ಲ ಮೇಡಂ."

"ನಮ್ಮೂರಲ್ಲೂ ಮನೆಗೆ ಮೂರು ಮಾದೇವ ಅವ್ರೆ. ನಂಗೇ ಹೊಳೀಬೇಕಿತ್ತು."

ಆಕೆ ಮುಂದೂಡಲು ಕೇಳಿದ್ದಕ್ಕೆ ಬೆಂಗಳೂರಿನವರು, "ಕಥೆ ಬೇಡ. ಇಬ್ಬರನ್ನೂ ಒಟ್ಟಿಗೆ ಕ್ಯಾಮೆರಾ ಮುಂದೆ ಕೂರಿಸಿ. ಇಲ್ಲದಿದ್ದರೆ ನಾಲ್ಕಕ್ಕೆ ಒತ್ತಿ, ನೀವು ಒತ್ತದಿದ್ದರೆ ಇಲ್ಲಿಂದಲೇ ಒತ್ತಿಸ್ತೀನಿ" ಅಂದರಂತೆ.

ಬಷೀರ್ ಅಹಮದ್‌ನ ಆಟೋ ಹಿಡಿದು ಬೇಗೂರಿಗೆ ಓಡಿದೆ. ಅಲ್ಲಿ ತಿಳಿಯಿತು, ಒಂದು ಹುಣಸೆಮರದ ವಿಚಾರಕ್ಕೆ ಅಕ್ಕತಂಗಿ ಆರು ವರ್ಷದಿಂದ ಮಾತು ಬಿಟ್ಟಿದ್ದಾರೆ. ಇಬ್ಬರನ್ನೂ ಆಟೋ ಹತ್ತಿರ ಕರೆಸುವಷ್ಟರಲ್ಲಿ ಗಂಟೆ ಎರಡಾಗಿತ್ತು.

"ಅವ್ಳು ಕುಂತ್ರೆ ನಾ ಕುಂತ್ಕಳಕಿಲ್ಲ" ಅಂದಳು ದೊಡ್ಡಮಲ್ಲಮ್ಮ.

"ನಾನೇನು ಇವಳ ಮಕ ನೋಡಕ್ಕೆ ಬಂದಿದ್ದೀನಾ?" ಅಂದಳು ಚಿಕ್ಕಮಲ್ಲಮ್ಮ.

ಕಾಲು ಗಂಟೆ ಕೈಮುಗಿದೆ. ಕೊನೆಗೆ ಅಳು ಬರುವಂತಾಗಿ ಕೂಗಿದೆ: "ಅವ್ವಾ, ಕಂಪ್ಯೂಟರು ನಿಮ್ಮಿಬ್ರುನೂ ಒಬ್ಳೇ ಅಂತದೆ!"

"ನಾನು ಇವಳಾ? ಈ ಗಯ್ಯಾಳಿನಾ? ತೋರ್ಸು ಅದ್ಯಾವ ಕಂಪ್ಯೂಟ್ರು!" ಅಂತ ಒಬ್ಬರಿಗಿಂತ ಒಬ್ಬರು ಜೋರಾಗಿ ಕಿರುಚಿದರು.

ಇಬ್ಬರೂ ಒಟ್ಟಿಗೆ ಹತ್ತಿದರು. ನಡುವೆ ನಾನು, ಎರಡು ದೇಶದ ಗಡಿಯ ಹಾಗೆ. ತೆರಕಣಾಂಬಿ ದಾಟುವಾಗ ಬಷೀರ್ ತಿರುಗಿ, "ಸಾರ್, ಅವರನ್ನ ಸುಮ್ಕಿರಿಸಿ, ಹಾರನ್ ನಂಗೇ ಕೇಳಿಸ್ತಿಲ್ಲ" ಅಂದ. ನಾನು ಗಡಿಯಾರ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ.

ನಾಲ್ಕಕ್ಕೆ ಆರು ನಿಮಿಷ ಇರುವಾಗ ಚಾಮರಾಜನಗರದ ಮೇಡಂ ಕಚೇರಿಯೊಳಗೆ ಹೋದೆವು. ಪರದೆಯ ಮೇಲೆ ಅಧಿಕಾರಿ, ಅದರ ಪಕ್ಕದಲ್ಲಿ ಹಸಿರು ಬಟನ್. ಸುಧಾಮಣಿ ಇಬ್ಬರನ್ನೂ ಕ್ಯಾಮೆರಾ ಮುಂದೆ ಕೂರಿಸಿದರು.

"ಸರಿ, ಇಬ್ಬರಿದ್ದಾರೆ," ಅಂದರು ಅಧಿಕಾರಿ. "ಒಂದು ಜೋಡಿಗಾಗಿ ಆರುನೂರು ನಿಲ್ಲಿಸಬೇಕಾ? ಇದು ಯಾರ ತಪ್ಪು?"

ಜೂನ್ ಒಂದು ಹಾಕಿದವನು ನಾನು. ಅದನ್ನು ಹೇಳಲೋ ಬೇಡವೋ ಅನ್ನುವಷ್ಟರಲ್ಲಿ ಮೇಡಂ ಹೇಳಿಬಿಟ್ಟಿದ್ದರು.

"ನಿಯಮ ನಂದು ಸಾರ್, ತಪ್ಪೂ ನಂದೇ. ಮನೆಮನೆಗೆ ಹೋಗಿ ನೋಡೋವರೆಗೂ ಒಂದು ಕಾರ್ಡೂ ಮುಟ್ಟಬಾರದು ಅಂತ ಸಹಿ ಹಾಕಿ ಕಳಿಸಿದ್ದೀನಿ."

"ಹಾಗಾದ್ರೆ ರಾಜ್ಯದ ಹೊಣೆ ನಿಮಗೆ ಕೊಡೋದು ಕಷ್ಟ."

"ಗೊತ್ತು ಸಾರ್."

ಆಗ ಚಿಕ್ಕಮಲ್ಲಮ್ಮ ಪರದೆಯತ್ತ ಬಗ್ಗಿದಳು. "ಏನ್ಲಾ ಮಗ, ನಮ್ಮಿಬ್ರಲ್ಲಿ ಯಾರ್ನ ಅಳಿಸ್ತೀಯೆ, ನೀನೇ ಹೇಳು ನೋಡನ. ಅಕ್ಕುಂಗೆ ಅನ್ನ ಬುಟ್ರೆ ಬೇರೆ ಏನೂ ಸೇರಕಿಲ್ಲ, ಅವಳ್ನ ಬುಟ್ಬುಡು, ನನ್ನೇ ಅಳಿಸು."

ದೊಡ್ಡಮಲ್ಲಮ್ಮ ತಂಗಿಯ ಕಡೆ ತಿರುಗಿ ನೋಡಿದಳು. ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಗಂಟೆ ನಾಲ್ಕು ದಾಟಿತು. "ತಡೆಹಿಡೀರಿ," ಅಂದರು, ಪರದೆ ಕಪ್ಪಾಯಿತು.

ರಾಜ್ಯದ ಹುದ್ದೆ ಬೇರೆಯವರಿಗೆ ಹೋಯಿತು. ಹನ್ನೊಂದು ವಾರ ನಾವು ಊರೂರು ಸುತ್ತಿದೆವು. ಆರುನೂರ ಹನ್ನೆರಡರಲ್ಲಿ ನಿಜವಾದ ಕಳ್ಳ ಕಾರ್ಡು ಹತ್ತೊಂಬತ್ತು. ಕುದೇರಿನ ಬೀದಿಯಲ್ಲಿದ್ದಾಗ ತಪ್ಪು ನಿಯಮ ಬರೆದದ್ದಕ್ಕೆ ಕಾರಣ ಕೇಳಿ ಆಕೆಯ ಮೊಬೈಲಿಗೆ ಮೇಲಿನವರ ನೋಟಿಸು ಬಂತು. ನಾನು ಪಕ್ಕದಿಂದ ಇಣುಕಿದೆ. ಮೇಡಂ ಓದಿ, ಮೊಬೈಲನ್ನು ಬ್ಯಾಗಿಗೆ ಹಾಕಿ, ಪಟ್ಟಿ ಬಿಡಿಸಿದರು.

"ಇನ್ನೂ ಏಳು ಮನೆ ಅದೆ ರಾಜಶೇಖರ್. ಬೇಗ ಬನ್ನಿ, ಜನ ಹೊಲಕ್ಕೆ ಹೊಂಟೋಯ್ತಾರೆ."