ವಾಸನೆಗೆ ಸಿಕ್ಕ ರಿಯಾಯಿತಿ

“ಅಲ್ಲವ್ವಾ, ಪರದೇಶಕ್ಕ ಹೋಗಿ ಓದೂದಾದ್ರ ಕಂಪ್ಯೂಟರ್ ಓದು. ಗಾಳಿ ಓದಿ ಏನ್ ಮಾಡ್ತಿ?” ವಾಯುಮಾಲಿನ್ಯದ ಬಗ್ಗೆ ಓದಲು ಜರ್ಮನಿಗೆ ಹೊರಟು, ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಅಂಗಡಿಗೆ ಹೇಳಿಹೋಗಲು ಬಂದ ಗೆಳೆಯನ ಮಗಳಿಗೆ ಎಂದಿನಂತೆ ಬುದ್ಧಿ ಹೇಳಿದೆ.

“ಕಾಕಾ, ಅಪ್ಪಾ ಆ ಮನ್ಯಾಗ ಹನ್ನೆರಡು ವರ್ಷ ಏನು ಉಸಿರಾಡಿ ಸತ್ರು ಅಂತ ಡಾಕ್ಟರಿಗೂ ಪಕ್ಕಾ ಹೇಳಾಕ ಆಗ್ಲಿಲ್ಲ. ಅದನ್ನ ಕಲ್ಯಾಕ ಹೊಂಟೀನಿ,” ಎಂದು ಕಾಲು ಮುಟ್ಟಿದಳು.

ಕೆಮಿಕಲ್ ಕಾರ್ಖಾನೆಗಳ ಪಕ್ಕದ ಆ ಫ್ಲ್ಯಾಟ್ ಕೊಡಿಸಿದ್ದೇ ನಾನು. ಇಲ್ಲಿ ವಾಸನೆ ಬರುತ್ತದೆಂದು ಬಿಲ್ಡರನೊಡನೆ ಚೌಕಾಶಿ ಮಾಡಿ, ದರ ಇಳಿಸಿ, ಗೆಳೆಯನಿಂದ ಶಾಬಾಶ್ ಅನ್ನಿಸಿಕೊಂಡಿದ್ದೆ.

ಮನೆ ಕೊಳ್ಳುವವರು ದರ ಕೇಳುವ ಮುಂಚೆ ಕಿಟಕಿ ತೆರೆದು ಉಸಿರಾಡಿ ನೋಡಲಿ. ಅವಳೆದುರು ಆ ಚೌಕಾಶಿಯನ್ನು ಒಪ್ಪಿಕೊಳ್ಳಲು ನನ್ನಿಂದಾಗಲಿಲ್ಲ. ಮರಾಠಿ ಶಾಲೆಯಲ್ಲಿ ಕಲಿತ ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದಿಂದ ಇಲ್ಲಿ ಬರೆದಿದ್ದೇನೆ.