ಮನೆಮಂದಿಯೆಲ್ಲ ಕೂತು ನೋಡುವಂಥದ್ದು
ಹೊನ್ನಾವರ ಬಸ್‌ಸ್ಟ್ಯಾಂಡಿನ ಪಕ್ಕ ಮೊಬೈಲ್ ರಿಪೇರಿ ಮಾಡುವ ದಿವಾಕರನಿಂದ ಪಾರಾಗುವುದು ಪೊಲೀಸರ ಲಾಠಿಯಿಂದ ಪಾರಾದಷ್ಟು ಸುಲಭವಲ್ಲ. ಒಡೆದ ಗಾಜು ಬಿಚ್ಚುವ ಮೊದಲೇ, "ನಿಮ್ಮನೇಲಿ ಎಲ್ಲರೂ ಸೇರಿ ಎಂತ ನೋಡ್ತ್ರಿ?" ಎಂದು ಕೇಳುತ್ತಾನೆ. ಉತ್ತರಕ್ಕೆ ಕಾಯುವ ಚಾಳಿಯಿಲ್ಲ. ನಕ್ಷತ್ರ ತೋರಿಸುವ ಜಾಲತಾಣ, ಕಾಗದ ಮಡಚಿ ಗೊಂಬೆ ಮಾಡಲು ಕಲಿಸುವ ಜಾಲತಾಣ, ಎಲ್ಲವನ್ನೂ ಗಿರಾಕಿಯ ಫೋನಿಗೆ ತಾನೇ ಹಾಕಿಕೊಡುತ್ತಾನೆ. "ಅಜ್ಜಿ ಮೊಮ್ಮಗಳು ಒಟ್ಟಿಗೆ ಕೂತು ನೋಡ್ಲಕ್ಕು, ಹೊಲಸು ಎಂತದೂ ಇಲ್ಲ." ಧಾರೇಶ್ವರದಲ್ಲಿ ಹೆಣ ಸುಡುವಾಗಲೂ ಸತ್ತವನ ಮಗನಿಗೆ ಸೌರಮಂಡಲದ ಜಾಲತಾಣ ಹೇಳಿದ ಆಸಾಮಿ. ಹರೆಯದಲ್ಲಿ ಚಳವಳಿಗೆಂದು ಊರೂರು ತಿರುಗಿ ಕರಪತ್ರ ಹಂಚಿದ ನಮಗೂ ಇಷ್ಟು ಹಟ ಇರಲಿಲ್ಲ. ಮೊನ್ನೆ ಭಾನುವಾರ ಅವನ ಮನೆಗೆ ಹೋದೆ. ನಡುಮನೆಯಲ್ಲಿ ಚಾಪೆ ಹಾಸಿ, ಹಕ್ಕಿಗಳ ಕೂಗು ಕೇಳಿಸುವ ಜಾಲತಾಣ ತೆರೆದು ಕೂತಿದ್ದ. ಬೆಳಗ್ಗೆಯಿಂದ ಮನೆಯಲ್ಲಿ ಯಾರೂ ಯಾರ ಹತ್ತಿರವೂ ಮಾತಾಡಿಲ್ಲ, ಇವತ್ತಾದರೂ ಹೆಂಡತಿ, ಮಗಳು, ತಾನು ಮೂವರೂ ಒಂದು ಕಡೆ ಕೂರಬೇಕು ಎಂದ. "ಅಂಕಿತಾ, ಬಾ ಮಗಾ" ಎಂದು ಮಗಳನ್ನು ಕರೆದ. ಕೋಣೆಯ ಬಾಗಿಲು ತೆರೆಯಲಿಲ್ಲ. "ಲಿಂಕ್ ಹಾಕು ಅಪ್ಪಾ, ಆಮೇಲೆ ನೋಡ್ತೆ" ಎಂಬ ಮಾತಷ್ಟೇ ಬಂತು. ಅಡುಗೆಮನೆಯಿಂದ ಹೆಂಡತಿ, "ನಂಗೂ ಹಾಕಿ, ಆತು" ಎಂದಳು. ದಿವಾಕರ ಇಬ್ಬರಿಗೂ ಲಿಂಕ್ ಕಳಿಸಿದ. ಎರಡೂ ಕಡೆಯಿಂದ ಮೆಚ್ಚುಗೆಯ ಹೆಬ್ಬೆರಳು ಕೂಡಲೇ ಅವನ ಫೋನಿಗೆ ಬಂತು. ಹಕ್ಕಿಯ ಕೂಗು ಮಾತ್ರ ಕೋಣೆಯಿಂದಲೂ ಕೇಳಲಿಲ್ಲ, ಅಡುಗೆಮನೆಯಿಂದಲೂ ಕೇಳಲಿಲ್ಲ.