ಇನ್ನೊಂದ್ಸಲ ಅಕ್ಕ

ನಮ್ಮ ವಿವಾಹ ನೋಂದಣಿ ಕಚೇರಿಯಲ್ಲಿ ಆಕೆಗೆ ‘ಇನ್ನೊಂದ್ಸಲ ಅಕ್ಕ’ ಎಂದೇ ಹೆಸರು. ವಿಚ್ಛೇದನವಾಗಿ ವರ್ಷಗಳೇ ಕಳೆದಿದ್ದರೂ ಪ್ರತಿ ಸೋಮವಾರ ನನ್ನ ಕಿಟಕಿಗೆ ಬಂದು, “ತಮ್ಮಾ, ಕಂಪ್ಯೂಟರ್‌ನಲ್ಲಿ ನಾನಿನ್ನೂ ವಿಚ್ಛೇದಿತೆ ತಾನೇ? ಇನ್ನೊಂದ್ಸಲ ನೋಡಪ್ಪಾ,” ಎನ್ನುತ್ತಾಳೆ. ಪರದೆ ತಿರುಗಿಸಿ ತೋರಿಸಿದರೂ ಸಮಾಧಾನವಿಲ್ಲ. ಕರೆಂಟು ಹೋಗಿ ಬಂದರಂತೂ ಅಷ್ಟರಲ್ಲೇ ತನಗೆ ಮತ್ತೆ ಮದುವೆಯಾಗಿಬಿಟ್ಟಿತೇನೋ ಎಂಬಂತೆ ಬೆವರುತ್ತಾಳೆ. ಕುರ್ಚಿ ಕೊಟ್ಟರೆ ಕೂರುವುದಿಲ್ಲ, ಗೋಡೆಗೆ ಬೆನ್ನು ಹಚ್ಚಿ ಬಾಗಿಲನ್ನೇ ನೋಡುತ್ತಿರುತ್ತಾಳೆ. ಹತ್ತಿರದಲ್ಲಿ ಯಾರಾದರೂ ಗಂಡಸರು ಕೆಮ್ಮಿದರೆ ಕೈಚೀಲ ಎದೆಗೇರುತ್ತದೆ. ನೋಂದಣಿಗೆ ಬಂದ ಹೊಸ ಜೋಡಿಗಳಲ್ಲಿ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಹುಡುಗಿಯ ಕಿವಿಯಲ್ಲಿ, “ಫೋನು ಯಾವಾಗ್ಲೂ ಚಾರ್ಜ್ ಮಾಡಿಟ್ಕೋ ಕಂದಾ,” ಎಂದು ಹರಸುತ್ತಾಳೆ. ಒಂದು ಸೋಮವಾರ ನಾನು ನಕ್ಕುಬಿಟ್ಟೆ: “ಅಲ್ಲ ಅಕ್ಕಾ, ಕೋರ್ಟೇ ಬಿಚ್ಚಿದ ಗಂಟು ತಾನಾಗಿ ಮತ್ತೆ ಬೀಳುತ್ತಾ?” ಆಕೆ ನಗಲಿಲ್ಲ. ಬಾಗಿಲಿನಿಂದ ಕಣ್ಣು ಕೀಳದೆ ಹೇಳಿದಳು: “ಮನೆ ಬೀಗಾನೂ ಬದಲಾಯಿಸಿದ್ದೆ ತಮ್ಮಾ. ಸಂಜೆ ಬಂದು ಬಾಗಿಲು ತೆಗೆದ್ರೆ, ಆ ಹಳೇ ಗಂಡ ಅಡುಗೆಮನೇಲಿ ಕೂತಿದ್ದ. ‘ದಾಖಲೆ ನಾನು ಸರಿಮಾಡಿಸ್ತೀನಿ, ನೀನು ಊಟಕ್ಕೆ ಬಡಿಸು’ ಅಂದ.”